ಏಕಾಣುಕ ನ್ಯೂಕ್ಲಿಯೋಫಿಲಿಕ್ ಆದೇಶನ ಕ್ರಿಯೆ: ಲಕ್ಷಣಗಳು ಮತ್ತು ಬೋಧನಾ ಸೂಚನೆಗಳು

ಪೀಠಿಕೆ

ಸಂಧಿಕಾರ್ಯಗಳನ್ನು ಲೋಪ, ಆಗಮ, ಆದೇಶ ಎಂದು ಮೂರು ಬಗೆಯಾಗಿ ವಿಂಗಡಿಸುವುದು ಕನ್ನಡ ಮಾಧ್ಯಮದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯ. 'ಊರು' ಮತ್ತು 'ಊರು' ಸೇರಿ 'ಊರೂರು' ಆಗುವಾಗ ಒಂದು ಸ್ವರವು ಲೋಪವಾಗುತ್ತದೆ. 'ಮನೆ' ಎಂಬುದಕ್ಕೆ 'ಅನ್ನು' ಸೇರಿ 'ಮನೆಯನ್ನು' ಆಗುವಾಗ ಯಕಾರವು ಹೊಸದಾಗಿ ಆಗಮಿಸುತ್ತದೆ. 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ' ಆಗುವಾಗ ಕಕಾರವಿದ್ದ ಸ್ಥಾನಕ್ಕೆ ಗಕಾರವು ಆದೇಶವಾಗಿ ಬರುತ್ತದೆ. ಸಾವಯವ ರಸಾಯನಶಾಸ್ತ್ರದ ಅನೇಕ ಕ್ರಿಯೆಗಳನ್ನೂ ಇದೇ ಮೂರು ತಲೆಬರಹಗಳಡಿಯಲ್ಲಿ ಜೋಡಿಸಬಹುದು. ಅಣುವಿನಿಂದ ಪರಮಾಣುಗಳು ಹೊರಟುಹೋಗಿ ದ್ವಿಬಂಧ ಉಂಟಾದರೆ ಅದು ವಿಲೋಪನ ಕ್ರಿಯೆ. ದ್ವಿಬಂಧವಿದ್ದಲ್ಲಿಗೆ ಪರಮಾಣುಗಳು ಬಂದು ಸೇರಿದರೆ ಅದು ಸಂಕಲನ ಕ್ರಿಯೆ. ಒಂದು ಪರಮಾಣು ಅಥವಾ ಗುಂಪು ಇದ್ದ ಸ್ಥಾನದಲ್ಲಿ ಮತ್ತೊಂದು ನೆಲೆಗೊಂಡರೆ ಅದು ಆದೇಶನ ಕ್ರಿಯೆ.

ಈ ಹೋಲಿಕೆಗೆ ಒಂದು ಮಿತಿಯಿದೆ. ಕಕಾರವು ಮೊದಲು ಹೋಯಿತೋ ಗಕಾರವು ಮೊದಲು ಬಂದಿತೋ ಎಂದು ವೈಯಾಕರಣರು ಕೇಳುವುದಿಲ್ಲ. ರೂಪ ಸಿದ್ಧಿಸಿದರೆ ಸಾಕು. ರಸಾಯನಶಾಸ್ತ್ರಜ್ಞರಿಗೆ ಆ ಪ್ರಶ್ನೆಯೇ ಮುಖ್ಯ. ಹಳೆಯ ಗುಂಪು ತಾನಾಗಿ ಬಿಟ್ಟುಹೋದ ಬಳಿಕ ಹೊಸ ಗುಂಪು ಬರುತ್ತದೆಯೇ, ಅಥವಾ ಹೊಸದು ಬರುತ್ತಿರುವಂತೆಯೇ ಹಳೆಯದು ಹೊರಡುತ್ತದೆಯೇ? ಸಮೀಕರಣದ ಎಡಬದಿಯಲ್ಲಿ ಪ್ರತಿವರ್ತಕಗಳೂ ಬಲಬದಿಯಲ್ಲಿ ಉತ್ಪನ್ನಗಳೂ ಇರುತ್ತವೆ. ನಡುವಿನ ಬಾಣದ ಗುರುತು ದಾರಿ ಯಾವುದೆಂಬುದನ್ನು ಹೇಳುವುದಿಲ್ಲ. ಆ ದಾರಿಯನ್ನು ಕ್ರಿಯೆಯ ವೇಗ ಮೊದಲಾದ ಸಾಕ್ಷ್ಯಗಳಿಂದ ಊಹಿಸಿ ನಿರ್ಧರಿಸಬೇಕಾಗುತ್ತದೆ. ಏಕಾಣುಕ ನ್ಯೂಕ್ಲಿಯೋಫಿಲಿಕ್ ಆದೇಶನ ಕ್ರಿಯೆಯು ಈ ಮಾತಿಗೆ ಉತ್ತಮ ನಿದರ್ಶನ.

ಅನಂತಪುರ ಜಿಲ್ಲೆಯ ರಾಯದುರ್ಗ ಹಾಗೂ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಭಾಗಗಳ ಕನ್ನಡ ಶಾಲೆಗಳಲ್ಲಿ ಓದಿದ ಹಲವು ಮಕ್ಕಳು ಹತ್ತನೆಯ ತರಗತಿಯ ನಂತರ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಇಂಟರ್‌ಮೀಡಿಯೆಟ್ ತರಗತಿಗಳನ್ನು ಸೇರುತ್ತಾರೆ. ಅಲ್ಲಿ ಈ ಪಾಠವು ಹೊಸ ಭಾಷೆಯಲ್ಲಿ, ಹೊಸ ಪರಿಭಾಷೆಯೊಡನೆ ಎದುರಾಗುತ್ತದೆ. ವಿಷಯದ ತಿರುಳು ಕನ್ನಡದಲ್ಲಿಯೇ ಮನಸ್ಸಿಗೆ ಹತ್ತಿದ್ದರೆ ಪದಗಳು ಬದಲಾದರೂ ಅರ್ಥ ಕೈಬಿಡದು. ಹತ್ತಿರದಿದ್ದರೆ ಎರಡು ಭಾಷೆಗಳ ನಡುವೆ ಬರಿಯ ಕಂಠಪಾಠ ಉಳಿಯುತ್ತದೆ. ಹತ್ತನೆಯ ತರಗತಿಯ 'ಕಾರ್ಬನ್ ಮತ್ತು ಅದರ ಸಂಯುಕ್ತಗಳು' ಪಾಠವನ್ನು ಬೋಧಿಸುವ ಶಿಕ್ಷಕರಿಗೆ ಹಿನ್ನೆಲೆಯ ತಿಳಿವಳಿಕೆಯಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಹೆಸರಿನ ವಿವರಣೆ

ಈ ಕ್ರಿಯೆಯನ್ನು ಸಂಕ್ಷೇಪವಾಗಿ 'ಎಸ್‌ಎನ್1' ಎಂದು ಬರೆಯುವುದು ರೂಢಿ. ಇದರಲ್ಲಿ 'ಎಸ್' ಆದೇಶನವನ್ನೂ 'ಎನ್' ನ್ಯೂಕ್ಲಿಯೋಫಿಲಿಕ್ ಎಂಬುದನ್ನೂ '1' ಏಕಾಣುಕ ಎಂಬುದನ್ನೂ ಸೂಚಿಸುತ್ತವೆ. ನ್ಯೂಕ್ಲಿಯೋಫೈಲ್ ಎಂದರೆ ತನ್ನಲ್ಲಿರುವ ಎಲೆಕ್ಟ್ರಾನ್ ಜೋಡಿಯನ್ನು ನೀಡಿ, ಎಲೆಕ್ಟ್ರಾನ್ ಕೊರತೆಯುಳ್ಳ ಕೇಂದ್ರದೊಡನೆ ಬಂಧವನ್ನು ಏರ್ಪಡಿಸಿಕೊಳ್ಳುವ ಕಣ. ನೀರು, ಆಲ್ಕೊಹಾಲ್, ಹೈಡ್ರಾಕ್ಸೈಡ್ ಅಯಾನು, ಸಯನೈಡ್ ಅಯಾನು ಇವೆಲ್ಲ ನ್ಯೂಕ್ಲಿಯೋಫೈಲ್‌ಗಳು. ಯಾವ ಅಣುವಿನಲ್ಲಿ ಆದೇಶನ ನಡೆಯುತ್ತದೆಯೋ ಅದು ಕ್ರಿಯಾಧಾರ. ಅದರಿಂದ ಬಂಧದ ಎಲೆಕ್ಟ್ರಾನ್ ಜೋಡಿಯನ್ನು ತೆಗೆದುಕೊಂಡು ಹೊರಡುವ ಭಾಗವು ನಿರ್ಗಮಿಸುವ ಗುಂಪು.

'1' ಎಂಬ ಅಂಕಿಯು ಹಂತಗಳ ಸಂಖ್ಯೆಯೆಂದು ಭಾವಿಸುವುದು ಬಹು ಸಾಮಾನ್ಯವಾದ ತಪ್ಪು. ಎಸ್‌ಎನ್1 ಕ್ರಿಯೆಯಲ್ಲಿ ಕನಿಷ್ಠ ಎರಡು ಹಂತಗಳಿರುತ್ತವೆ. ಎಸ್‌ಎನ್2 ಕ್ರಿಯೆಯು ಒಂದೇ ಹಂತದಲ್ಲಿ ಮುಗಿಯುತ್ತದೆ. ಅಂಕಿಯು ಹೇಳುವುದು ವೇಗವನ್ನು ನಿರ್ಧರಿಸುವ ಹಂತದಲ್ಲಿ ಎಷ್ಟು ಕಣಗಳು ಪಾಲ್ಗೊಳ್ಳುತ್ತವೆ ಎಂಬುದನ್ನು. ಎಸ್‌ಎನ್1ರಲ್ಲಿ ಕ್ರಿಯಾಧಾರದ ಒಂದು ಅಣು ಮಾತ್ರ; ಎಸ್‌ಎನ್2ರಲ್ಲಿ ಕ್ರಿಯಾಧಾರ ಮತ್ತು ನ್ಯೂಕ್ಲಿಯೋಫೈಲ್ ಎರಡೂ.

ಹತ್ತನೆಯ ತರಗತಿಯಲ್ಲಿ ಆದೇಶನಕ್ಕೆ ಕೊಡುವ ಉದಾಹರಣೆ ಮೀಥೇನ್ ಮತ್ತು ಕ್ಲೋರಿನ್‌ಗಳದು. ಸೂರ್ಯನ ಬೆಳಕಿನಲ್ಲಿ ಮೀಥೇನಿನ ಹೈಡ್ರೋಜನ್ ಪರಮಾಣುಗಳ ಸ್ಥಾನದಲ್ಲಿ ಒಂದೊಂದಾಗಿ ಕ್ಲೋರಿನ್ ಪರಮಾಣುಗಳು ಬರುತ್ತವೆ. ಅದೂ ಆದೇಶನವೇ ಹೌದು. ಆದರೆ ಅದು ಜೋಡಿಯಿಲ್ಲದ ಎಲೆಕ್ಟ್ರಾನ್ ಉಳ್ಳ ಮುಕ್ತ ರ‍್ಯಾಡಿಕಲ್‌ಗಳ ಮೂಲಕ ಸಾಗುವ ಕ್ರಿಯೆ. ಪ್ರಸ್ತುತ ಕ್ರಿಯೆಯಲ್ಲಿ ಪಾಲ್ಗೊಳ್ಳುವುದು ಎಲೆಕ್ಟ್ರಾನ್ ಜೋಡಿಗಳು. ಈ ಭೇದವನ್ನು ಶಿಕ್ಷಕರು ಮನಸ್ಸಿನಲ್ಲಿಟ್ಟುಕೊಂಡರೆ ಮಕ್ಕಳಿಗೆ ಮುಂದೆ ಗೊಂದಲವಾಗದು.

ವೇಗ ನುಡಿಯುವ ಸಾಕ್ಷ್ಯ

1930ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಡ್ವರ್ಡ್ ಹ್ಯೂಸ್ ಮತ್ತು ಕ್ರಿಸ್ಟೋಫರ್ ಇಂಗೋಲ್ಡ್ ಅವರು ಆಲ್ಕೈಲ್ ಹ್ಯಾಲೈಡುಗಳ ಆದೇಶನ ಕ್ರಿಯೆಗಳ ವೇಗವನ್ನು ವ್ಯವಸ್ಥಿತವಾಗಿ ಅಳೆದರು. ಎರಡು ಸಂಯುಕ್ತಗಳನ್ನು ಹೋಲಿಸಿದರೆ ಅವರು ಕಂಡ ಭೇದವು ಸ್ಪಷ್ಟವಾಗುತ್ತದೆ.

ಮೀಥೈಲ್ ಬ್ರೋಮೈಡ್ ಹೈಡ್ರಾಕ್ಸೈಡ್‌ನೊಡನೆ ವರ್ತಿಸಿ ಮೀಥೈಲ್ ಆಲ್ಕೊಹಾಲ್ ಆಗುವಾಗ, ಮೀಥೈಲ್ ಬ್ರೋಮೈಡಿನ ಸಾರತೆಯನ್ನು ಎರಡು ಪಟ್ಟು ಮಾಡಿದರೆ ವೇಗವೂ ಎರಡು ಪಟ್ಟಾಗುತ್ತದೆ. ಹೈಡ್ರಾಕ್ಸೈಡಿನ ಸಾರತೆಯನ್ನು ಎರಡು ಪಟ್ಟು ಮಾಡಿದರೂ ಹಾಗೆಯೇ. ಎರಡನ್ನೂ ಇಮ್ಮಡಿಸಿದರೆ ವೇಗವು ನಾಲ್ಕು ಪಟ್ಟಾಗುತ್ತದೆ. ಎರಡು ಕಣಗಳು ಪರಸ್ಪರ ಸಂಧಿಸಿದಾಗಲೇ ಕ್ರಿಯೆ ನಡೆಯುವುದೆಂಬುದಕ್ಕೆ ಇದು ಸೂಚನೆ.

ತೃತೀಯಕ ಬ್ಯುಟೈಲ್ ಬ್ರೋಮೈಡಿನ ನಡವಳಿಕೆ ಬೇರೆ. ನೀರು ಬೆರೆತ ಆಲ್ಕೊಹಾಲಿನಲ್ಲಿ ಅದರ ಸಾರತೆಯನ್ನು ಇಮ್ಮಡಿಸಿದರೆ ಆದೇಶನದ ವೇಗವು ಇಮ್ಮಡಿಯಾಗುತ್ತದೆ. ಹೈಡ್ರಾಕ್ಸೈಡನ್ನು ಹೆಚ್ಚಿಸಿದರೆ ಆದೇಶನದ ವೇಗವು ಬದಲಾಗುವುದಿಲ್ಲ. ಪ್ರತಿವರ್ತಕಗಳನ್ನು ಹೆಚ್ಚಿಸಿದರೆ ಕ್ರಿಯೆ ಬೇಗನೆ ನಡೆಯುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇದು ವಿರುದ್ಧವಾಗಿ ಕಾಣುತ್ತದೆ. ಉತ್ಪನ್ನದಲ್ಲಿ ಆಮ್ಲಜನಕವುಳ್ಳ ಹೊಸ ಗುಂಪು ಸೇರಿರುವುದು ನಿಜ. ಆದರೂ ಅದನ್ನು ತರುವ ನ್ಯೂಕ್ಲಿಯೋಫೈಲಿಗೆ ವೇಗದ ಮೇಲೆ ಹಿಡಿತವಿಲ್ಲ. ಇದಕ್ಕೆ ಸಮಾಧಾನ ಒಂದೇ: ನ್ಯೂಕ್ಲಿಯೋಫೈಲ್ ಪಾಲ್ಗೊಳ್ಳದ ನಿಧಾನವಾದ ಹಂತವೊಂದು ಮೊದಲು ನಡೆಯುತ್ತಿರಬೇಕು.

ಎರಡು ಹಂತಗಳು

ಮೊದಲ ಹಂತದಲ್ಲಿ ಕಾರ್ಬನ್ ಮತ್ತು ಬ್ರೋಮಿನ್‌ಗಳ ನಡುವಿನ ಬಂಧವು ತುಂಡಾಗುತ್ತದೆ. ಬಂಧದ ಎರಡೂ ಎಲೆಕ್ಟ್ರಾನುಗಳನ್ನು ಬ್ರೋಮಿನ್ ತನ್ನೊಡನೆ ಒಯ್ದು ಬ್ರೋಮೈಡ್ ಅಯಾನು ಆಗುತ್ತದೆ. ಕಾರ್ಬನ್ ಧನ ಆವೇಶ ಹೊತ್ತು ಕಾರ್ಬೊಕ್ಯಾಟಯಾನ್ ಆಗಿ ಉಳಿಯುತ್ತದೆ. ಬಂಧವನ್ನು ಮುರಿಯಲು ಹೆಚ್ಚಿನ ಶಕ್ತಿ ಬೇಕಾದ್ದರಿಂದ ಈ ಹಂತವು ನಿಧಾನ. ಎರಡನೆಯ ಹಂತದಲ್ಲಿ ಬಳಿಯಿರುವ ನೀರಿನ ಅಣುವು ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಾರ್ಬೊಕ್ಯಾಟಯಾನಿಗೆ ನೀಡಿ ಬಂಧವನ್ನು ಏರ್ಪಡಿಸಿಕೊಳ್ಳುತ್ತದೆ. ಧನ ಕೇಂದ್ರವು ಎಲೆಕ್ಟ್ರಾನುಗಳಿಗಾಗಿ ಕಾತರಿಸಿರುವುದರಿಂದ ಇದು ಅತಿ ವೇಗದ ಹಂತ. ಬಳಿಕ ಒಂದು ಪ್ರೋಟಾನ್ ಕಳಚಿಕೊಂಡು ತೃತೀಯಕ ಬ್ಯುಟೈಲ್ ಆಲ್ಕೊಹಾಲ್ ದೊರೆಯುತ್ತದೆ.

ಈ ಭಾಗದ ಮಕ್ಕಳಿಗೆ ಇದನ್ನು ತಿಳಿಸಲು ಶೇಂಗಾ ಸುಲಿಯುವ ಕೆಲಸಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಒಬ್ಬರು ಕಾಯಿಯ ಸಿಪ್ಪೆಯನ್ನು ಒಡೆಯುತ್ತಾರೆ. ಮತ್ತೊಬ್ಬರು ಒಡೆದ ಕಾಯಿಯಿಂದ ಬೀಜವನ್ನು ಆರಿಸಿ ಪಾತ್ರೆಗೆ ಹಾಕುತ್ತಾರೆ. ಒಡೆಯುವುದು ನಿಧಾನ, ಆರಿಸುವುದು ಸುಲಭ. ಆರಿಸುವವರನ್ನು ಒಬ್ಬರಿಂದ ನಾಲ್ವರಿಗೆ ಹೆಚ್ಚಿಸಿದರೂ ಪಾತ್ರೆ ಬೇಗನೆ ತುಂಬುವುದಿಲ್ಲ, ಅವರು ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಒಡೆಯುವವರನ್ನು ಇಮ್ಮಡಿಸಿದರೆ ಮಾತ್ರ ಕೆಲಸ ಇಮ್ಮಡಿ ವೇಗದಲ್ಲಿ ಸಾಗುತ್ತದೆ. ಸಿಪ್ಪೆ ಒಡೆಯುವುದು ಇಲ್ಲಿಯ ವೇಗ ನಿರ್ಣಾಯಕ ಹಂತ, ಆರಿಸುವವರು ನ್ಯೂಕ್ಲಿಯೋಫೈಲ್‌ಗಳು. ಆರಿಸುವವರು ಯಾರೂ ಇಲ್ಲದಿದ್ದರೆ ಪಾತ್ರೆಗೆ ಬೀಜವೇ ಬೀಳದು ಎಂಬುದನ್ನೂ ಗಮನಿಸಬೇಕು. ವೇಗವು ನ್ಯೂಕ್ಲಿಯೋಫೈಲಿನ ಸಾರತೆಯನ್ನು ಅವಲಂಬಿಸಿಲ್ಲ ಎಂದರೆ ಅದು ಬೇಕಾಗಿಲ್ಲ ಎಂದರ್ಥವಲ್ಲ.

ಈ ಹೋಲಿಕೆಯೂ ಒಂದು ಕಡೆ ನಿಲ್ಲುತ್ತದೆ. ಒಡೆದ ಸಿಪ್ಪೆಗೆ ಬೀಜವು ಮರಳಿ ಸೇರದು. ಆದರೆ ಕಾರ್ಬೊಕ್ಯಾಟಯಾನ್ ತನ್ನನ್ನು ಬಿಟ್ಟುಹೋದ ಅಯಾನಿನೊಡನೆ ಮತ್ತೆ ಕೂಡಿಕೊಳ್ಳಬಲ್ಲದು. ಆದ್ದರಿಂದ ಕೆಲವು ಸಂದರ್ಭಗಳಲ್ಲಿ ದ್ರಾವಣಕ್ಕೆ ನಿರ್ಗಮಿಸುವ ಅಯಾನನ್ನೇ ಹೊರಗಿನಿಂದ ಸೇರಿಸಿದರೆ ಕ್ರಿಯೆ ನಿಧಾನವಾಗುತ್ತದೆ. ಹೀಗೆ ನಿಧಾನವಾಗುವುದು ನಡುವೆ ಸ್ವತಂತ್ರವಾದ ಕಾರ್ಬೊಕ್ಯಾಟಯಾನ್ ಇದ್ದುದಕ್ಕೆ ಬಲವಾದ ಸಾಕ್ಷ್ಯ.

ಪ್ರಮುಖ ಲಕ್ಷಣಗಳು

1. ಕ್ರಿಯಾಧಾರದ ರಚನೆ. ಕಾರ್ಬೊಕ್ಯಾಟಯಾನ್ ಎಷ್ಟು ಸ್ಥಿರವೋ ಕ್ರಿಯೆ ಅಷ್ಟು ಸುಗಮ. ಧನ ಆವೇಶವುಳ್ಳ ಕಾರ್ಬನ್ನಿಗೆ ಜೋಡಿಸಿರುವ ಆಲ್ಕೈಲ್ ಗುಂಪುಗಳು ಎಲೆಕ್ಟ್ರಾನುಗಳನ್ನು ಅದರ ಕಡೆಗೆ ಒದಗಿಸಿ ಆವೇಶದ ಭಾರವನ್ನು ಹಂಚಿಕೊಳ್ಳುತ್ತವೆ. ಆದುದರಿಂದ ತೃತೀಯಕ ಸಂಯುಕ್ತಗಳು ಮುಂದೆ, ದ್ವಿತೀಯಕಗಳು ಅವುಗಳ ಹಿಂದೆ. ಸರಳ ಪ್ರಾಥಮಿಕ ಹಾಗೂ ಮೀಥೈಲ್ ಸಂಯುಕ್ತಗಳು ಈ ದಾರಿಯನ್ನು ಹಿಡಿಯುವುದೇ ಇಲ್ಲವೆನ್ನಬಹುದು. ಬ್ರೋಮೈಡುಗಳು ನೀರಿನೊಡನೆ ವರ್ತಿಸುವ ವೇಗವನ್ನು ಹೋಲಿಸುವಾಗ ಪಠ್ಯಗ್ರಂಥಗಳು ಈಥೈಲ್ ಬ್ರೋಮೈಡಿಗೆ 1, ಐಸೊಪ್ರೊಪೈಲ್ ಬ್ರೋಮೈಡಿಗೆ 12, ತೃತೀಯಕ ಬ್ಯುಟೈಲ್ ಬ್ರೋಮೈಡಿಗೆ 12,00,000 ಎಂಬ ಸಾಪೇಕ್ಷ ಬೆಲೆಗಳನ್ನು ಕೊಡುತ್ತವೆ. ಅಲೈಲ್ ಮತ್ತು ಬೆಂಜೈಲ್ ಸಂಯುಕ್ತಗಳು ಪ್ರಾಥಮಿಕವಾಗಿದ್ದರೂ ಈ ಕ್ರಿಯೆಗೆ ಒಳಗಾಗಬಲ್ಲವು. ಅವುಗಳಲ್ಲಿ ಧನ ಆವೇಶವು ಅನುರಣನದ ಮೂಲಕ ಹಲವು ಪರಮಾಣುಗಳ ಮೇಲೆ ಹರಡಿಕೊಳ್ಳುತ್ತದೆ. ಇಂತಹ ಅಯಾನುಗಳು ಬಹುಕಾಲ ಊಹೆಯ ಮಟ್ಟದಲ್ಲಿಯೇ ಇದ್ದವು. ಅತಿ ಪ್ರಬಲ ಆಮ್ಲಗಳಲ್ಲಿ ಅವುಗಳನ್ನು ಬಾಳಿಸಿ ನೇರವಾಗಿ ಅಧ್ಯಯನ ಮಾಡಿದ ಜಾರ್ಜ್ ಓಲಾ ಅವರಿಗೆ 1994ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

2. ನಿರ್ಗಮಿಸುವ ಗುಂಪು. ವೇಗ ನಿರ್ಣಾಯಕ ಹಂತವೇ ಬಂಧಚ್ಛೇದನವಾದ್ದರಿಂದ ಸುಲಭವಾಗಿ ಬಿಟ್ಟುಹೋಗುವ ಗುಂಪು ಇದ್ದಷ್ಟೂ ಕ್ರಿಯೆ ಚುರುಕು. ಹ್ಯಾಲೈಡುಗಳಲ್ಲಿ ಅಯೋಡೈಡ್ ಮೊದಲು, ಬಳಿಕ ಬ್ರೋಮೈಡ್, ಕ್ಲೋರೈಡ್, ಫ್ಲೋರೈಡ್ ಕೊನೆಯದು. ಹೈಡ್ರಾಕ್ಸಿಲ್ ಗುಂಪು ತಾನಾಗಿ ಬಿಟ್ಟುಹೋಗಲೊಲ್ಲದು. ಆಮ್ಲವು ಅದಕ್ಕೆ ಒಂದು ಪ್ರೋಟಾನನ್ನು ನೀಡಿದರೆ ಅದು ನೀರಿನ ಅಣುವಾಗಿ ಸುಲಭವಾಗಿ ಹೊರಡುತ್ತದೆ. ಇಂಟರ್‌ಮೀಡಿಯೆಟ್ ಹಂತದ ಲ್ಯೂಕಾಸ್ ಪರೀಕ್ಷೆಯ ಆಧಾರ ಇದೇ. ಸತು ಕ್ಲೋರೈಡ್ ಕರಗಿಸಿದ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದೊಡನೆ ತೃತೀಯಕ ಆಲ್ಕೊಹಾಲ್ ಕೂಡಲೇ ಮಬ್ಬಾಗುತ್ತದೆ. ದ್ವಿತೀಯಕಕ್ಕೆ ಸುಮಾರು 5 ನಿಮಿಷ ಬೇಕು. ಪ್ರಾಥಮಿಕ ಆಲ್ಕೊಹಾಲ್ ಕೊಠಡಿಯ ತಾಪದಲ್ಲಿ ಮಬ್ಬಾಗುವುದಿಲ್ಲ.

3. ದ್ರಾವಕ. ಧನ, ಋಣ ಅಯಾನುಗಳು ಬೇರ್ಪಡಲು ಅವುಗಳನ್ನು ಸುತ್ತುವರಿದು ಸಂತೈಸುವ ದ್ರಾವಕ ಬೇಕು. ನೀರಿನಂತಹ ಧ್ರುವೀಯ ದ್ರಾವಕದಲ್ಲಿ ಈ ಕ್ರಿಯೆ ವೇಗವಾಗಿ ನಡೆಯುತ್ತದೆ. ತೃತೀಯಕ ಬ್ಯುಟೈಲ್ ಕ್ಲೋರೈಡಿನ ವೇಗವು ಎಥನಾಲಿನಲ್ಲಿ 1 ಎಂದಾದರೆ ನೀರಿನಲ್ಲಿ ಅದು ಸುಮಾರು 1,00,000.

4. ನ್ಯೂಕ್ಲಿಯೋಫೈಲ್. ಅದರ ಸಾರತೆಯಾಗಲಿ ಪ್ರಬಲತೆಯಾಗಲಿ ವೇಗವನ್ನು ಬದಲಿಸದು. ನೀರು, ಆಲ್ಕೊಹಾಲುಗಳಂತಹ ದುರ್ಬಲ ನ್ಯೂಕ್ಲಿಯೋಫೈಲ್‌ಗಳೂ ಇಲ್ಲಿ ಸಾಕು. ಆದರೆ ಒಂದಕ್ಕಿಂತ ಹೆಚ್ಚು ನ್ಯೂಕ್ಲಿಯೋಫೈಲ್‌ಗಳಿದ್ದಾಗ ಯಾವ ಉತ್ಪನ್ನ ಎಷ್ಟು ದೊರೆಯುತ್ತದೆ ಎಂಬುದನ್ನು ಅವುಗಳ ಸ್ಪರ್ಧೆ ನಿರ್ಧರಿಸುತ್ತದೆ.

5. ಪ್ರಾದೇಶಿಕ ವಿನ್ಯಾಸ. ನಾಲ್ಕು ಬಂಧಗಳ ಕಾರ್ಬನ್ ಚತುರ್ಮುಖಿಯಾಗಿದ್ದು, ಒಂದು ಗುಂಪು ಹೊರಟಾಗ ಉಳಿದ ಮೂರು ಒಂದೇ ಸಮತಲಕ್ಕೆ ಬಂದು 120 ಡಿಗ್ರಿ ಅಂತರದಲ್ಲಿ ನಿಲ್ಲುತ್ತವೆ. ಹಂಚಿನ ಮೇಲಿನ ರೊಟ್ಟಿಯಂತೆ ಚಪ್ಪಟೆಯಾದ ಈ ಅಯಾನಿಗೆ ಎರಡು ಮುಖಗಳು. ನ್ಯೂಕ್ಲಿಯೋಫೈಲ್ ಯಾವ ಮುಖದಿಂದಲಾದರೂ ಬರಬಹುದು. ಹೀಗಾಗಿ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾಗಿರುವ ಎರಡು ರೂಪಗಳಲ್ಲಿ ಒಂದನ್ನೇ ತೆಗೆದುಕೊಂಡು ಆರಂಭಿಸಿದರೂ ಉತ್ಪನ್ನವು ಎರಡರ ಮಿಶ್ರಣವಾಗಿರುತ್ತದೆ; ಇದು ರೇಸಿಮೀಕರಣ. ಹೊರಡುತ್ತಿರುವ ಅಯಾನು ಇನ್ನೂ ಸಮೀಪದಲ್ಲಿಯೇ ಇದ್ದು ಒಂದು ಮುಖವನ್ನು ಮರೆಮಾಡುವ ಕಾರಣ, ವಿರುದ್ಧ ಮುಖದಿಂದ ಬರುವ ರೂಪವು ಅನೇಕ ವೇಳೆ ತುಸು ಹೆಚ್ಚಾಗಿರುತ್ತದೆ.

6. ಪುನರ್ವಿನ್ಯಾಸ ಮತ್ತು ವಿಲೋಪನ. ಕಾರ್ಬೊಕ್ಯಾಟಯಾನ್ ಸಾಧ್ಯವಾದರೆ ಹೆಚ್ಚು ಸ್ಥಿರವಾದ ರೂಪಕ್ಕೆ ಬದಲಾಗುತ್ತದೆ. ಮೂರನೆಯ ಕಾರ್ಬನ್ನಿನಲ್ಲಿ ಮೀಥೈಲ್ ಗುಂಪೂ ಎರಡನೆಯದರಲ್ಲಿ ಬ್ರೋಮಿನ್ನೂ ಇರುವ ಬ್ಯುಟೇನಿನಲ್ಲಿ ಬ್ರೋಮೈಡ್ ಹೊರಟಾಗ ದ್ವಿತೀಯಕ ಅಯಾನು ಉಂಟಾಗುತ್ತದೆ. ಕೂಡಲೇ ನೆರೆಯ ಕಾರ್ಬನ್ನಿನಿಂದ ಹೈಡ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿಯೊಡನೆ ಸರಿದು, ಆವೇಶವು ತೃತೀಯಕ ಸ್ಥಾನಕ್ಕೆ ಹೋಗುತ್ತದೆ. ಹೈಡ್ರಾಕ್ಸಿಲ್ ಗುಂಪು ಬ್ರೋಮಿನ್ ಇದ್ದ ಸ್ಥಾನದಲ್ಲಿ ಅಲ್ಲದೆ ಪಕ್ಕದ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ಅಯಾನುಗಳು ನ್ಯೂಕ್ಲಿಯೋಫೈಲನ್ನು ಸ್ವೀಕರಿಸದೆ ಒಂದು ಪ್ರೋಟಾನನ್ನು ಕಳೆದುಕೊಂಡು ಆಲ್ಕೀನ್ ಆಗುತ್ತವೆ. ಪ್ರಬಲ ಪ್ರತ್ಯಾಮ್ಲವನ್ನು ಹೆಚ್ಚಾಗಿ ಸೇರಿಸಿ ಕಾಯಿಸಿದರೆ ವಿಲೋಪನವೇ ಮೇಲುಗೈ ಪಡೆಯುತ್ತದೆ.

ಆಲೆಮನೆಯಲ್ಲಿ ಇದೇ ತತ್ವ

ಈ ಕ್ರಿಯೆಯು ಪ್ರಯೋಗಾಲಯದ ಸೀಸೆಗಳಿಗೆ ಸೀಮಿತವಾದುದಲ್ಲ. ಮಡಕಶಿರಾಕ್ಕೆ ಸಮೀಪದ ಹಿಂದೂಪುರವು ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಕರ್ನಾಟಕದ ಮಂಡ್ಯ ಜಿಲ್ಲೆಯ ಆಲೆಮನೆಗಳ ಬೆಲ್ಲವೂ ಪ್ರಸಿದ್ಧ. ಬೆಲ್ಲ ಕಾಯಿಸುವವರು ಕಬ್ಬಿನ ರಸಕ್ಕೆ ಸುಣ್ಣದ ತಿಳಿಯನ್ನು ಸೇರಿಸುತ್ತಾರೆ. ಸುಣ್ಣವು ರಸದ ಕಲ್ಮಶವನ್ನು ಬೇರ್ಪಡಿಸಲು ನೆರವಾಗುವುದರ ಜೊತೆಗೆ ಮತ್ತೊಂದು ಕೆಲಸವನ್ನು ಮಾಡುತ್ತದೆ.

ಕಬ್ಬಿನ ರಸವು ಸಹಜವಾಗಿಯೇ ತುಸು ಆಮ್ಲೀಯವಾದುದು. ಅದರಲ್ಲಿರುವ ಸುಕ್ರೋಸ್ ಅಣುವಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಭಾಗಗಳನ್ನು ಒಂದು ಆಮ್ಲಜನಕ ಪರಮಾಣು ಬೆಸೆದಿರುತ್ತದೆ. ಆಮ್ಲದ ಪ್ರೋಟಾನ್ ಆ ಆಮ್ಲಜನಕಕ್ಕೆ ಸೇರಿದಾಗ ಬೆಸುಗೆ ಸಡಿಲವಾಗುತ್ತದೆ. ಬಳಿಕ ಬಂಧವು ಫ್ರಕ್ಟೋಸ್ ಬದಿಯಲ್ಲಿ ತಾನಾಗಿ ತುಂಡಾಗಿ ಗ್ಲೂಕೋಸ್ ಹೊರಡುತ್ತದೆ. ಫ್ರಕ್ಟೋಸ್ ಭಾಗದ ಕಾರ್ಬನ್ನಿನ ಮೇಲೆ ಧನ ಆವೇಶ ಉಳಿಯುತ್ತದೆ. ಉಂಗುರದಲ್ಲಿರುವ ಮತ್ತೊಂದು ಆಮ್ಲಜನಕವು ತನ್ನ ಎಲೆಕ್ಟ್ರಾನುಗಳಿಂದ ಆ ಆವೇಶವನ್ನು ಸ್ಥಿರಗೊಳಿಸುತ್ತದೆ. ಇದು ನಿಧಾನದ ಹಂತ. ನೀರಿನ ಅಣುವು ಕೂಡಲೇ ಬಂದು ಖಾಲಿಯಾದ ಸ್ಥಾನವನ್ನು ತುಂಬುತ್ತದೆ. ಕ್ರಿಯಾಧಾರ ಸುಕ್ರೋಸ್, ನಿರ್ಗಮಿಸುವ ಗುಂಪು ಗ್ಲೂಕೋಸ್, ನ್ಯೂಕ್ಲಿಯೋಫೈಲ್ ನೀರು, ಕ್ರಿಯಾವರ್ಧಕ ಆಮ್ಲ. ತೃತೀಯಕ ಬ್ಯುಟೈಲ್ ಸಂಯುಕ್ತದ ಕಥೆಯೇ ಇಲ್ಲಿ ಬೇರೆ ಪಾತ್ರಗಳೊಡನೆ ನಡೆಯುತ್ತದೆ.

ಇದರಿಂದ ರೈತನಿಗಾಗುವ ನಷ್ಟ ಸಣ್ಣದಲ್ಲ. ಬೆಲ್ಲವು ಗಟ್ಟಿಯಾಗಿ ಅಚ್ಚಿನಲ್ಲಿ ನಿಲ್ಲಲು ಸುಕ್ರೋಸ್ ಹರಳುಗಟ್ಟಬೇಕು. ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಪ್ರಮಾಣ ಹೆಚ್ಚಿದರೆ ಬೆಲ್ಲವು ಅಂಟಂಟಾಗಿ, ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ. ಸುಣ್ಣವು ಆಮ್ಲವನ್ನು ತಟಸ್ಥಗೊಳಿಸಿ, ಬಂಧ ತುಂಡಾಗುವ ಹಂತವನ್ನೇ ನಿಧಾನಗೊಳಿಸುತ್ತದೆ. ನ್ಯೂಕ್ಲಿಯೋಫೈಲಾದ ನೀರು ಕಡಾಯಿಯ ತುಂಬ ಇದ್ದರೂ ಕ್ರಿಯೆ ತಡೆಯಲ್ಪಡುತ್ತದೆ, ಏಕೆಂದರೆ ವೇಗದ ಕೀಲಿ ಇರುವುದು ನೀರಿನ ಕೈಯಲ್ಲಿ ಅಲ್ಲ. ಸುಣ್ಣ ಅತಿಯಾದರೆ ಬೆಲ್ಲದ ಬಣ್ಣ ಕಪ್ಪಾಗುವುದರಿಂದ ಹದವರಿತು ಹಾಕಬೇಕು. ಕಡಿದ ಕಬ್ಬನ್ನು ಬಹಳ ದಿನ ಇಟ್ಟರೆ ಅದರಲ್ಲಿರುವ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಸುಕ್ರೋಸನ್ನು ಮೊದಲೇ ಒಡೆದಿರುತ್ತವೆ. ಹಾಗೆ ಒಡೆದುದನ್ನು ಸುಣ್ಣವು ಮರಳಿ ಕೂಡಿಸಲಾರದು. ಆದುದರಿಂದಲೇ ಕಬ್ಬನ್ನು ಕಡಿದ ಬೆನ್ನಲ್ಲೇ ಅರೆಯುವುದು ಜಾಣತನ.

ರಸಾಯನಶಾಸ್ತ್ರದ ಇತಿಹಾಸದಲ್ಲಿಯೂ ಈ ಕ್ರಿಯೆಗೆ ಹಿರಿಯ ಸ್ಥಾನವಿದೆ. ಸುಕ್ರೋಸ್ ದ್ರಾವಣವು ಸಮತಲ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದು ಒಡೆದು ದೊರೆತ ಮಿಶ್ರಣವು ಎಡಕ್ಕೆ ತಿರುಗಿಸುತ್ತದೆ. ಈ ಬದಲಾವಣೆಯನ್ನು ಅಳೆಯುತ್ತ 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ, ಆಯಾ ಕ್ಷಣದಲ್ಲಿ ಉಳಿದಿರುವ ಸುಕ್ರೋಸಿನ ಪ್ರಮಾಣಕ್ಕೆ ಅನುಗುಣವಾಗಿ ಕ್ರಿಯೆಯ ವೇಗವಿರುತ್ತದೆ ಎಂದು ತೋರಿಸಿದನು. ರಾಸಾಯನಿಕ ಕ್ರಿಯೆಯ ವೇಗವನ್ನು ಗಣಿತದ ಸೂತ್ರಕ್ಕೆ ಅಳವಡಿಸಿದ ಮೊದಲ ಅಧ್ಯಯನಗಳಲ್ಲಿ ಇದು ಒಂದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರೇ ದ್ರಾವಕವಾಗಿರುವಾಗ ಅದರ ಪ್ರಮಾಣ ಅಪಾರವಾಗಿದ್ದು, ಕ್ರಿಯೆಯಲ್ಲಿ ವ್ಯಯವಾಗುವ ಭಾಗ ಅತ್ಯಲ್ಪ. ನೀರು ನಿಧಾನದ ಹಂತದಲ್ಲಿ ಪಾಲ್ಗೊಂಡಿದ್ದರೂ ವೇಗವು ಸುಕ್ರೋಸನ್ನು ಮಾತ್ರ ಅವಲಂಬಿಸಿದಂತೆ ಕಾಣುತ್ತಿತ್ತು. ಆದ್ದರಿಂದ ವೇಗವು ಒಂದೇ ಪದಾರ್ಥದ ಸಾರತೆಯನ್ನು ಅನುಸರಿಸಿತು ಎಂಬಷ್ಟರಿಂದಲೇ ಕ್ರಿಯೆ ಏಕಾಣುಕವೆಂದು ತೀರ್ಮಾನಿಸಲಾಗದು. ರಚನೆ, ದ್ರಾವಕ, ಪ್ರಾದೇಶಿಕ ವಿನ್ಯಾಸ, ಸೇರಿಸಿದ ಅಯಾನುಗಳ ಪರಿಣಾಮ ಈ ಸಾಕ್ಷ್ಯಗಳೆಲ್ಲವೂ ಒಂದೇ ಕಡೆಗೆ ಬೆರಳು ತೋರಿಸಿದಾಗ ತೀರ್ಮಾನವು ದೃಢವಾಗುತ್ತದೆ.

ತರಗತಿಯ ಚಟುವಟಿಕೆಗಳು

ಮೊದಲನೆಯದು ಶೇಂಗಾ ಚಟುವಟಿಕೆ. 50 ಕಾಯಿಗಳನ್ನು ಎಣಿಸಿ, ಒಬ್ಬ ವಿದ್ಯಾರ್ಥಿಯಿಂದ ಒಡೆಯಿಸಿ ಮತ್ತೊಬ್ಬನಿಂದ ಆರಿಸಿ, ತಗಲಿದ ಸಮಯವನ್ನು ಗುರುತಿಸಬೇಕು. ಬಳಿಕ ಆರಿಸುವವರನ್ನು ಇಬ್ಬರು, ನಾಲ್ವರು ಎಂದು ಹೆಚ್ಚಿಸಿ ಸಮಯವನ್ನು ಅಳೆಯಬೇಕು. ಕೊನೆಗೆ ಒಡೆಯುವವರನ್ನು ಇಬ್ಬರಾಗಿಸಬೇಕು. ಕಪ್ಪುಹಲಗೆಯ ಮೇಲಿನ ಪಟ್ಟಿಯನ್ನು ನೋಡಿ ಯಾವ ಹಂತವು ನಿಧಾನದ್ದೆಂದು ಮಕ್ಕಳೇ ಹೇಳಲಿ. ಯಾರು ಏನು ಮಾಡುತ್ತಿದ್ದಾರೆಂದು ಕಾಣದಿದ್ದರೂ, ಸಮಯದ ಪಟ್ಟಿಯೊಂದರಿಂದಲೇ ಒಳಗಿನ ಕೆಲಸದ ಕ್ರಮವನ್ನು ಊಹಿಸಬಹುದೆಂಬುದು ಈ ಚಟುವಟಿಕೆಯ ಸಾರ.

ಎರಡನೆಯದು ಸಕ್ಕರೆಯ ಪ್ರಯೋಗ. ಎರಡು ಪ್ರನಾಳಗಳಲ್ಲಿ 5 ಮಿಲಿಲೀಟರಿನಷ್ಟು ಸಕ್ಕರೆಯ ದ್ರಾವಣವನ್ನು ತೆಗೆದುಕೊಂಡು, ಒಂದಕ್ಕೆ ಮಾತ್ರ ಶಿಕ್ಷಕರು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ 5 ಹನಿಗಳನ್ನು ಸೇರಿಸಬೇಕು. ಎರಡನ್ನೂ ಕುದಿಯುವ ನೀರಿನಲ್ಲಿ 10 ನಿಮಿಷ ಇಟ್ಟು ತಣಿಸಿ, ಆಮ್ಲವಿರುವ ಪ್ರನಾಳಕ್ಕೆ ನೊರೆ ನಿಲ್ಲುವವರೆಗೆ ಅಡಿಗೆ ಸೋಡಾ ಹಾಕಬೇಕು. ಆಮ್ಲ ಉಳಿದರೆ ಮುಂದಿನ ಪರೀಕ್ಷೆ ಸರಿಯಾಗದು. ಬಳಿಕ ಎರಡಕ್ಕೂ ಬೆನೆಡಿಕ್ಟ್ ದ್ರಾವಣವನ್ನು ಸೇರಿಸಿ ಮತ್ತೆ ಕಾಯಿಸಬೇಕು. ಆಮ್ಲ ಸೇರಿಸಿದುದು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ; ಮತ್ತೊಂದು ನೀಲಿಯಾಗಿಯೇ ಉಳಿಯುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್ ಮೊದಲೇ ಇರುವುದರಿಂದ ಇಲ್ಲಿ ಬಿಳಿ ಸಕ್ಕರೆಯನ್ನೇ ಬಳಸಬೇಕು. ಈ ಪ್ರಯೋಗವು ಏನು ಉಂಟಾಯಿತು ಎಂಬುದನ್ನು ತೋರಿಸುತ್ತದೆಯೇ ಹೊರತು ಯಾವ ದಾರಿಯಲ್ಲಿ ಎಂಬುದನ್ನು ಅಲ್ಲ ಎಂದು ಮಕ್ಕಳಿಗೆ ತಿಳಿಹೇಳಬೇಕು.

ಪರಿಭಾಷೆಯ ಸೇತುವೆ

ಮುಂದೆ ತೆಲುಗು ಮಾಧ್ಯಮಕ್ಕೆ ಹೋಗುವ ಮಕ್ಕಳಿಗೆ ಕೆಲವು ಪದಗಳ ಪರಿಚಯ ಉಪಯುಕ್ತ. ಆದೇಶನ ಕ್ರಿಯೆಯನ್ನು ತೆಲುಗಿನಲ್ಲಿ 'ಪ್ರತಿಕ್ಷೇಪಣ ಚರ್ಯ' ಎನ್ನುತ್ತಾರೆ. ಕನ್ನಡದಲ್ಲಿ 'ಚರ್ಯೆ' ಎಂದರೆ ನಡವಳಿಕೆ. ತೆಲುಗಿನ 'ಚರ್ಯ' ನಮ್ಮ 'ಕ್ರಿಯೆ'. ನಮ್ಮ 'ಸಾರತೆ' ಅಲ್ಲಿ 'ಗಾಢತ', 'ಸಂಯುಕ್ತ' ಅಲ್ಲಿ 'ಸಮ್ಮೇಳನಂ', 'ಕ್ರಿಯಾವರ್ಧಕ' ಅಲ್ಲಿ 'ಉತ್ಪ್ರೇರಕಂ'. ತೆಲುಗಿನ 'ದ್ರಾವಣಿ' ಎಂಬುದು ನಮ್ಮ 'ದ್ರಾವಕ'. ಅದನ್ನು 'ದ್ರಾವಣ'ವೆಂದು ತಪ್ಪಾಗಿ ಗ್ರಹಿಸುವ ಸಂಭವ ಹೆಚ್ಚು. 'ಬಂಧ' ಎರಡೂ ಭಾಷೆಗಳಲ್ಲಿ ಒಂದೇ. ತೆಲುಗು ವ್ಯಾಕರಣದಲ್ಲಿಯೂ 'ಗಸಡದವಾದೇಶ ಸಂಧಿ' ಇರುವುದರಿಂದ 'ಆದೇಶ' ಎಂಬ ಪದದ ಮೂಲಕ ತೆಲುಗು ಬಲ್ಲ ಮಕ್ಕಳಿಗೂ ವಿಷಯವನ್ನು ತಿಳಿಸಬಹುದು.

ಮೌಲ್ಯಮಾಪನ

ಲಕ್ಷಣಗಳ ಪಟ್ಟಿಯನ್ನು ಒಪ್ಪಿಸುವಂತೆ ಕೇಳುವ ಪ್ರಶ್ನೆಗಳಿಂದ ಗ್ರಹಿಕೆಯನ್ನು ಅಳೆಯಲಾಗದು. ಬದಲಿಗೆ ಕೆಳಗಿನಂತಹ ಪ್ರಶ್ನೆಗಳನ್ನು ಕೇಳಬಹುದು.

1. ಒಂದು ಆದೇಶನ ಕ್ರಿಯೆಯಲ್ಲಿ ನ್ಯೂಕ್ಲಿಯೋಫೈಲಿನ ಸಾರತೆಯನ್ನು ಮೂರು ಪಟ್ಟು ಹೆಚ್ಚಿಸಿದರೂ ವೇಗ ಬದಲಾಗಲಿಲ್ಲ. ನಿಧಾನದ ಹಂತದ ಬಗ್ಗೆ ಏನು ಹೇಳಬಹುದು?

2. ವೇಗವನ್ನು ನ್ಯೂಕ್ಲಿಯೋಫೈಲ್ ನಿರ್ಧರಿಸದಿದ್ದರೆ, ಅದನ್ನು ಸೇರಿಸದೆಯೇ ಉತ್ಪನ್ನ ದೊರೆಯುತ್ತದೆಯೇ? ಏಕೆ?

3. ಎಸ್‌ಎನ್1 ಎಂಬುದರಲ್ಲಿ '1' ಏನನ್ನು ಸೂಚಿಸುತ್ತದೆ? ಏನನ್ನು ಸೂಚಿಸುವುದಿಲ್ಲ?

4. ಕಬ್ಬಿನ ರಸಕ್ಕೆ ಸುಣ್ಣದ ತಿಳಿ ಹಾಕದಿದ್ದರೆ ಬೆಲ್ಲ ಅಂಟಾಗುವ ಸಂಭವವೇಕೆ? ಸುಣ್ಣವು ಕ್ರಿಯೆಯ ಯಾವ ಹಂತವನ್ನು ತಡೆಯುತ್ತದೆ?

ನಾಲ್ಕನೆಯ ಪ್ರಶ್ನೆಗೆ ವಿದ್ಯಾರ್ಥಿಯು ತನ್ನ ಮಾತುಗಳಲ್ಲಿ, ಮನೆಯಲ್ಲಿ ಆಡುವ ಕನ್ನಡದಲ್ಲಿಯೇ ಉತ್ತರಿಸಿದರೂ ಶಿಕ್ಷಕರು ಅದಕ್ಕೆ ಪೂರ್ಣ ಅಂಕಗಳನ್ನು ನೀಡಬೇಕು. ಪಾರಿಭಾಷಿಕ ಪದಗಳನ್ನು ಮುಂದಿನ ತರಗತಿಗಳು ಒದಗಿಸುತ್ತವೆ. ನಿಧಾನದ ಹಂತ ಯಾವುದೆಂದು ಕಾರಣಸಹಿತವಾಗಿ ಗುರುತಿಸುವ ಶಕ್ತಿಯನ್ನು ಈ ಹಂತದಲ್ಲಿಯೇ ಬೆಳೆಸಬೇಕು.